ಅದಿರು, ಭತ್ತ, ಗಾಳಿಯೊಳಗಿನ ನೀರು

ಕೇಳುಗರಿಗೆ ನಮಸ್ಕಾರ.

ಸಂಡೂರಿನ ಗುಡ್ಡದ ಅದಿರನ್ನು ಹಿಡಿದರೆ ಅಂಗೈ ಕೆಂಪಾಗುತ್ತದೆ. ಕಬ್ಬಿಣಕ್ಕೆ ಆಮ್ಲಜನಕ ಅಂಟಿಕೊಂಡಾಗ ಬರುವ ಬಣ್ಣ ಅದು. ಅಪ್ಪಟ ಹೆಮಟೈಟ್ ಅದಿರಿನ ತೂಕದಲ್ಲಿ ನೂರಕ್ಕೆ 70 ಪಾಲು ಕಬ್ಬಿಣ, 30 ಪಾಲು ಆಮ್ಲಜನಕ. ಒಂದು ಟನ್ ಕಬ್ಬಿಣ ಕೈಗೆ ಬರಬೇಕಾದರೆ ಸುಮಾರು 430 ಕಿಲೋ ಆಮ್ಲಜನಕವನ್ನು ಬಿಡಿಸಬೇಕು. ಈ ಕೆಲಸವನ್ನು ಇಂದಿಗೂ ಹೆಚ್ಚಾಗಿ ಮಾಡುತ್ತಿರುವುದು ಕಲ್ಲಿದ್ದಲು. ಆಮ್ಲಜನಕ ಇಂಗಾಲದೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಆಗಿ ಚಿಮಣಿಯಿಂದ ಹೊರಬೀಳುತ್ತದೆ. ಒಂದು ಟನ್ ಉಕ್ಕಿಗೆ ಸುಮಾರು 2 ಟನ್!

ಕಲ್ಲಿದ್ದಲಿನ ಜಾಗಕ್ಕೆ ಜಲಜನಕವನ್ನು, ಅಂದರೆ ಹೈಡ್ರೋಜನ್ನನ್ನು ತರಬಹುದು ಎಂಬುದು ಈಗ ಕೆಲಸದಲ್ಲಿ ಸಾಬೀತಾಗಿದೆ. ಸ್ವೀಡನ್ನಿನ ಲೂಲಿಯೊ ಪಟ್ಟಣದಲ್ಲಿ 2020ರಲ್ಲಿ ಶುರುವಾದ ಪ್ರಾಯೋಗಿಕ ಘಟಕ, ಮರುವರ್ಷ ಜಲಜನಕದಿಂದಲೇ ಸ್ಪಾಂಜ್ ಐರನ್, ಅಂದರೆ ಕರಗಿಸದೆಯೇ ಆಮ್ಲಜನಕ ಕಿತ್ತ ಕಬ್ಬಿಣ, ತೆಗೆಯಿತು. ನಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲೂ 25 ಮೆಗಾವ್ಯಾಟ್‌ನ ಜಲಜನಕ ಘಟಕ ಬಂದಿದೆ. ಹೊಗೆಯ ಬದಲು ನೀರಾವಿ ಬರುತ್ತದೆ ಎಂದು ಪತ್ರಿಕೆಗಳು ಬರೆದದ್ದು ನಿಜ. ಆದರೆ ಅದರ ಹಿಂದಿನ ಲೆಕ್ಕವನ್ನೂ ಬಳ್ಳಾರಿ ಸೀಮೆಯವರು ತಿಳಿದಿರಬೇಕು.

ಒಂದು ಟನ್ ಕಬ್ಬಿಣಕ್ಕೆ ಬೇಕಾದ ಜಲಜನಕ 54 ಕಿಲೋ. ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕಿಲೋ ಜಲಜನಕ ತೆಗೆಯಲು 50 ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚೇ ಖರ್ಚಾಗುತ್ತದೆ. ಅಲ್ಲಿಗೆ ಟನ್ನಿಗೆ 2,700 ಯೂನಿಟ್ಟಿನ ಮೇಲಾಯಿತು, ಇನ್ನೂ ಕರಗಿಸುವ ಖರ್ಚು ಬಂದಿಲ್ಲ. 25 ಮೆಗಾವ್ಯಾಟ್ ಘಟಕ ಹಗಲಿರುಳು ಪೂರ್ತಿ ಓಡಿದರೂ ಗಂಟೆಗೆ ಸುಮಾರು 9 ಟನ್ ಕಬ್ಬಿಣಕ್ಕಾಗುವಷ್ಟು ಜಲಜನಕ ಸಿಗುತ್ತದೆ. ವರ್ಷಕ್ಕೆ ಕೋಟಿ ಟನ್ನಿನ ಮಾತಾಡುವ ಊರಿನಲ್ಲಿ ಇದು ಮೊದಲ ಹೆಜ್ಜೆ, ಅಷ್ಟೇ.

ಈಗಿರುವ ಬ್ಲಾಸ್ಟ್ ಫರ್ನೇಸಿಗೇ ಜಲಜನಕ ಊದಿದರೆ ಆಗದೇ ಎಂದು ಕೇಳುವವರಿದ್ದಾರೆ. ಸ್ವಲ್ಪ ಊದಬಹುದು, ಪೂರ್ತಿ ಆಗದು. ಆ ಕುಲುಮೆಯಲ್ಲಿ ಕೋಕ್, ಅಂದರೆ ಗಾಳಿ ತಾಗದಂತೆ ಕಾಯಿಸಿ ಗಟ್ಟಿ ಮಾಡಿದ ಕಲ್ಲಿದ್ದಲು, ಮೂರು ಕೆಲಸ ಮಾಡುತ್ತದೆ: ಉರಿದು ಕಾವು ಕೊಡುತ್ತದೆ, ಆಮ್ಲಜನಕ ಕೀಳುವ ಅನಿಲವಾಗುತ್ತದೆ, ಮೇಲಿನ ಅದಿರಿನ ರಾಶಿ ಕುಸಿಯದಂತೆ ಗಟ್ಟಿಯಾಗಿ ಹೊತ್ತು ನಿಂತು ನಡುವೆ ಗಾಳಿಗೆ ದಾರಿ ಬಿಡುತ್ತದೆ. ಮೂರನೆಯದನ್ನು ಯಾವ ಅನಿಲವೂ ಮಾಡಲಾರದು. ಅದಕ್ಕೇ ಶಾಫ್ಟ್ ಫರ್ನೇಸ್ ಎಂಬ ಬೇರೆ ಕುಲುಮೆ ಬೇಕು. ಅದರಲ್ಲಿ ಮೇಲಿನಿಂದ ಅದಿರಿನ ಉಂಡೆಗಳು ಇಳಿಯುತ್ತವೆ, ಕೆಳಗಿನಿಂದ ಬಿಸಿ ಅನಿಲ ಏರುತ್ತದೆ, ಕಬ್ಬಿಣ ಕರಗದೆ ಘನವಾಗಿಯೇ ಹೊರಬರುತ್ತದೆ. ಜಲಜನಕ ಆಮ್ಲಜನಕವನ್ನು ಎಳೆದುಕೊಳ್ಳುವಾಗ ಕಾವನ್ನು ಹೀರುತ್ತದೆ, ಹಾಗಾಗಿ ಕುಲುಮೆ ತಣ್ಣಗಾಗುತ್ತಾ ಹೋಗುತ್ತದೆ. ಅನಿಲವನ್ನು 900 ಡಿಗ್ರಿಯ ಆಸುಪಾಸಿಗೆ ಮೊದಲೇ ಕಾಯಿಸಿ ಬಿಡಬೇಕು. ಅತಿಯಾಗಿ ಕಾಯಿಸಿದರೆ ಉಂಡೆಗಳು ಒಂದಕ್ಕೊಂದು ಅಂಟಿ ಗಡ್ಡೆಕಟ್ಟಿ ಇಳಿಯುವುದನ್ನೇ ನಿಲ್ಲಿಸುತ್ತವೆ.

ಇದಕ್ಕಿಂತ ದೊಡ್ಡ ತೊಡಕು ನಮ್ಮ ಅದಿರಿನದೇ. ಶಾಫ್ಟ್‌ನಲ್ಲಿ ಏನೂ ಕರಗುವುದಿಲ್ಲವಾದ್ದರಿಂದ ಅದಿರಿನ ಜೊತೆ ಬಂದ ಸಿಲಿಕಾ, ಅಲ್ಯುಮಿನಾ ಕಬ್ಬಿಣದಲ್ಲೇ ಉಳಿದು, ಮುಂದೆ ವಿದ್ಯುತ್ ಕುಲುಮೆಯಲ್ಲಿ ಕರಗಿಸುವಾಗ ಕಿಟ್ಟವಾಗಿ ಕರೆಂಟು ತಿನ್ನುತ್ತವೆ. 67 ಪಾಲು ಕಬ್ಬಿಣವಿರುವ ಉಂಡೆ ಸಿಕ್ಕರೆ ಈ ದಾರಿ ಸಲೀಸು. ಅದಕ್ಕಿಂತ ಕೆಳದರ್ಜೆಯ ಅದಿರನ್ನು ನುಣ್ಣಗೆ ಅರೆದು, ತೊಳೆದು, ಉಂಡೆ ಕಟ್ಟಬೇಕು. ತೊಳೆದ ಮೇಲೆ ಉಳಿಯುವ ಕೆಸರನ್ನು ಎಲ್ಲಿ ಹಾಕುತ್ತೀರಿ ಎಂದು ಗಣಿ ಪಕ್ಕದ ಊರಿನವರು ಮೊದಲ ದಿನವೇ ಕೇಳಬೇಕು. ಇನ್ನು ಕೊಪ್ಪಳದ ಗಿಣಿಗೇರಾ ಸುತ್ತಲಿನ ಸ್ಪಾಂಜ್ ಐರನ್ ಘಟಕಗಳ ಮಾತು. ಕಲ್ಲಿದ್ದಲು ತುಂಬಿ ಮಲಗಿಸಿ ತಿರುಗಿಸುವ ಕಿಲ್ನ್‌ಗೆ ಜಲಜನಕದ ಪೈಪು ಜೋಡಿಸಿ ಹಸಿರು ಮಾಡಲಾಗದು. ಕುಲುಮೆಯನ್ನೇ ಬದಲಿಸಬೇಕು.

ನೀರಿನ ವಿಚಾರದಲ್ಲಿ ಮಾತ್ರ ಸಮಾಧಾನವಿದೆ. ಒಂದು ಕಿಲೋ ಜಲಜನಕಕ್ಕೆ 9 ಲೀಟರ್ ನೀರು ಒಡೆಯಬೇಕು, ಟನ್ ಕಬ್ಬಿಣಕ್ಕೆ 490 ಲೀಟರ್ ಹತ್ತಿರ. ಹೊಳೆಯ ನೀರನ್ನು ಹಾಗೇ ಬಿಟ್ಟರೆ ಅದರ ಲವಣ ನೀರು ಒಡೆಯುವ ಯಂತ್ರದ ಪೊರೆಯನ್ನು ಕೆಡಿಸುತ್ತದೆ, ಪೂರ್ತಿ ಲವಣ ತೆಗೆದೇ ಬಿಡಬೇಕು. ಆದರೆ ಕುಲುಮೆಯಲ್ಲಿ ಜಲಜನಕ ಮತ್ತೆ ಆಮ್ಲಜನಕ ಸೇರಿ ಅಷ್ಟೇ ನೀರಾಗಿ ಬರುತ್ತದೆ. ಆ ಆವಿಯನ್ನು ತಣಿಸಿ ಹಿಡಿದರೆ ಬಹುಪಾಲು ವಾಪಸ್ಸು.

ಕುಲುಮೆಯಲ್ಲಿ ಹೀಗೆ ನೀರು ಮರಳಿ ಬಂದರೆ, ಗದ್ದೆಯಲ್ಲಿ ಅದು ಆವಿಯಾಗಿ ಹೋಗುವಾಗ ಉಪ್ಪನ್ನು ಬಿಟ್ಟು ಹೋಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಸವಳು ಜವಳು ಹುಟ್ಟಿದ್ದು ಹೀಗೆ. 2025ರ ಮೇ 4ರಂದು ಕೇಂದ್ರ ಕೃಷಿ ಸಚಿವರು ಜೀನ್ ತಿದ್ದಿದ ಎರಡು ಭತ್ತದ ತಳಿ ಪ್ರಕಟಿಸಿದರು. ಎರಡರ ತಾಯಿತಳಿಯೂ ನಮಗೆ ಗೊತ್ತಿರುವವೇ. ಸಾಂಬಾ ಮಸೂರಿಯಿಂದ, ಅಂದರೆ ಬಿಪಿಟಿ 5204ರಿಂದ, ಡಿಆರ್‌ಆರ್ ಧಾನ್ 100 ಅಥವಾ ಕಮಲಾ. ಎಂಟಿಯು 1010ರಿಂದ ಪೂಸಾ ಡಿಎಸ್‌ಟಿ ರೈಸ್ 1. ಇವುಗಳಲ್ಲಿ ಹೊರಗಿನ ಜೀನ್ ಇಲ್ಲ. ಇದ್ದ ಒಂದು ಜೀನನ್ನು ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಕೆಲಸ ನಿಲ್ಲುವಂತೆ ತುಂಡರಿಸಿದ್ದಾರೆ. ಕಮಲಾದಲ್ಲಿ ಕತ್ತರಿಸಿದ ಜೀನ್, ತೆನೆ ಬೆಳೆಸುವ ಸೈಟೊಕೈನಿನ್ ಎಂಬ ಚೋದಕವನ್ನು ಒಡೆಯುವಂಥದು. ಅದು ಸುಮ್ಮನಾದರೆ ತೆನೆಗೆ ಕಾಳು ಹೆಚ್ಚು. ಪೂಸಾ ತಳಿಯಲ್ಲಿ ಕತ್ತರಿಸಿದ್ದು ಡಿಎಸ್‌ಟಿ ಎಂಬ ಜೀನ್, ಅದು ನಿಂತರೆ ಎಲೆಯ ಮೇಲಿನ ಪತ್ರರಂಧ್ರಗಳು ಕಡಿಮೆಯಾಗಿ ಸಸಿ ಬರ, ಉಪ್ಪು ತಾಳುತ್ತದೆ.

ಕಮಲಾ 20 ದಿನ ಬೇಗ ಬರುತ್ತದೆ, ಇಳುವರಿ 19 ಪಾಲು ಹೆಚ್ಚು ಎಂಬುದು ಪ್ರಕಟಿಸಿದ ಲೆಕ್ಕ. ಇಳುವರಿ ನಮ್ಮ ಎರೆಭೂಮಿಯಲ್ಲಿ ಎಷ್ಟು ನಿಲ್ಲುತ್ತದೆಂದು ಗಂಗಾವತಿ, ಸಿಂಧನೂರಿನ ಗದ್ದೆಯಲ್ಲೇ ಬೆಳೆದು ನೋಡಬೇಕು. 20 ದಿನದ ಬೆಲೆ ಮಾತ್ರ ಈಗಲೇ ಗೊತ್ತು. ದಿನಕ್ಕೆ 8 ಮಿಲಿಮೀಟರ್ ಎಂದು ಹಿಡಿದರೂ ಎಕರೆಗೆ ಸುಮಾರು 6.5 ಲಕ್ಷ ಲೀಟರ್ ನೀರು. ಮೇಲಿನವರು ತೂಬು ಮುಚ್ಚಿದರೆ ಅದು ಎಡದಂಡೆಯ ಕೊನೆಭಾಗಕ್ಕೆ, ಮಾನ್ವಿ ಕಡೆಗೆ, ಮುಟ್ಟುತ್ತದೆ.

ಉಪ್ಪು ತಾಳುವ ತಳಿ ಬಂತೆಂದು ಬಸಿಗಾಲುವೆ ಮುಚ್ಚಬೇಡಿ. ತಳಿ ಉಪ್ಪನ್ನು ಸಹಿಸುತ್ತದೆ, ತೆಗೆಯುವುದಿಲ್ಲ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಉಪ್ಪು ಎಷ್ಟಿದೆ ಎಂದು ತೋರಿಸುವ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಸವಳು ಎನ್ನುವುದು, ಮಣ್ಣನ್ನು ಪೂರ್ತಿ ತೊಯ್ಯುವಷ್ಟೇ ನೀರು ಹಾಕಿ ಅದರಿಂದ ತೆಗೆದ ದ್ರಾವಣದ ಅಳತೆ. ಪ್ರಯೋಗಾಲಯದಲ್ಲಿ ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಬೆರೆಸಿ ಅಳೆದಿದ್ದರೆ ಅದೇ ಮಣ್ಣಿಗೆ ತೀರಾ ಕಡಿಮೆ ಅಂಕಿ ಬರುತ್ತದೆ. ಯಾವ ವಿಧಾನ ಎಂದು ಕೇಳದೆ ಚೀಟಿ ನಂಬಬೇಡಿ. ಜಿಪ್ಸಂ ಕೆಲಸ ಮಾಡುವುದು ಸೋಡಿಯಂ ಹೆಚ್ಚಾದ ಕ್ಷಾರ ಮಣ್ಣಿನಲ್ಲಿ. ಬರೀ ಉಪ್ಪಿನ ಸವಳಿಗೆ ನೀರು ಕಟ್ಟಿ ಬಸಿದು ತೊಳೆಯುವುದೊಂದೇ ದಾರಿ.

ಕೊನೆಯದಾಗಿ ಗಾಳಿಯ ನೀರು. 2025ರ ರಸಾಯನಶಾಸ್ತ್ರ ನೊಬೆಲ್ ಸುಸುಮು ಕಿಟಗಾವಾ, ರಿಚರ್ಡ್ ರಾಬ್ಸನ್, ಒಮರ್ ಯಾಘಿ ಅವರಿಗೆ ಬಂತು. ಲೋಹದ ಅಯಾನುಗಳನ್ನು, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳನ್ನು, ಇಂಗಾಲವಿರುವ ಅಣುಗಳ ಕೊಂಡಿಗಳಿಂದ ಕಟ್ಟಿದ, ಜೇನುಹುಟ್ಟಿನಂತೆ ತೂತು ತೂತಾದ ವಸ್ತುಗಳಿಗಾಗಿ. ಇವುಗಳಲ್ಲಿ ಕೆಲವು ರಾತ್ರಿ ಗಾಳಿಯ ತೇವ ಹಿಡಿದು, ಹಗಲು ಬಿಸಿಲಿಗೆ ಬಿಡುತ್ತವೆ. ಫ್ಲೋರೈಡ್ ನೀರು ಕುಡಿಯುವ ರಾಯಚೂರು, ಕೊಪ್ಪಳದ ಹಳ್ಳಿಗಳಿಗೆ ಆಸೆ ಹುಟ್ಟಿಸುವ ಸುದ್ದಿ. 2017ರಲ್ಲಿ ಸಂಶೋಧಕರು ಹೇಳಿದ್ದು ಕಿಲೋ ವಸ್ತುವಿಗೆ ದಿನಕ್ಕೆ 2.8 ಲೀಟರ್. ಮರುವರ್ಷ ಅರಿಜೋನಾ ಮರುಭೂಮಿಯಲ್ಲಿ ಅದೇ ಬಗೆಯ ವಸ್ತು ಕೊಟ್ಟದ್ದು ಕಿಲೋಗೆ ದಿನಕ್ಕೆ ಸುಮಾರು 100 ಗ್ರಾಂ. ಐದು ಜನರ ಮನೆಗೆ ಕುಡಿಯಲು 15 ಲೀಟರ್ ಎಂದರೆ 150 ಕಿಲೋ ವಸ್ತು ಬೇಕು. ಮುಂದಿನ ವಸ್ತುಗಳು ಎರಡು ಪಟ್ಟು ಮೀರಿ ಕೊಟ್ಟಿವೆ, ಇನ್ನೂ ಸುಧಾರಿಸುತ್ತವೆ.

ಅಲ್ಲಿಯವರೆಗೆ ಫ್ಲೋರೈಡ್ ಇಲ್ಲದ ನೀರು ಚಾವಣಿಯ ಮೇಲೆಯೇ ಬೀಳುತ್ತಿದೆ. 20 ಚದರ ಮೀಟರ್ ಚಾವಣಿಗೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಂದರೆ, ಐದನೇ ಒಂದು ಪಾಲು ಹಾಳಾದರೂ 9,600 ಲೀಟರ್ ಸಿಗುತ್ತದೆ. ಮಳೆಯಿಲ್ಲದ ಎಂಟು ತಿಂಗಳಿಗೆ ದಿನಕ್ಕೆ 15 ಲೀಟರಿನಂತೆ 3,600 ಲೀಟರ್ ಸಾಕು, 4,000 ಲೀಟರಿನ ತೊಟ್ಟಿ ಕಟ್ಟಿ. ಮೊದಲ ಮಳೆಯ 40 ಲೀಟರನ್ನು ಧೂಳಿನ ಸಮೇತ ಹೊರಬಿಡಲು ಪೈಪಿನಲ್ಲಿ ಬೇರೆ ದಾರಿ ಇರಲಿ, ಒಳಹೋಗುವ ಬಾಯಿಗೆ ಸಣ್ಣ ಜಾಲರಿ ಕಟ್ಟಿ, ಮುಚ್ಚಳ ಬೆಳಕು ಬಾರದಷ್ಟು ಬಿಗಿಯಾಗಿರಲಿ. ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ. ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ.

ನಮಸ್ಕಾರ.