ಕೊಮೊಡೊದ ಸೆಳವಿನಲ್ಲಿ ಸ್ಕೂಬಾ ಡೈವಿಂಗ್

ಕೇಳುಗರೇ, ನಮಸ್ಕಾರ.

ಇಂಡೋನೇಷ್ಯಾದ ಸುಂಬಾವಾ ಮತ್ತು ಫ್ಲೋರೆಸ್ ದ್ವೀಪಗಳ ನಡುವೆ ಕೊಮೊಡೊ, ರಿಂಚಾ, ಪಡಾರ್ ಮೊದಲಾದ ದ್ವೀಪಗಳ ಒಂದು ಗುಂಪಿದೆ. ಅಲ್ಲಿ ವಾಸಿಸುವ ದೈತ್ಯ ಉಡಗಳ ರಕ್ಷಣೆಗಾಗಿ 1980ರಲ್ಲಿ ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 1991ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಉಡಗಳನ್ನು ನೋಡಲು ಬರುವವರ ಜೊತೆಗೆ, ನೀರಿಗಿಳಿಯುವ ಏಕೈಕ ಉದ್ದೇಶದಿಂದ ಲಾಬುವಾನ್ ಬಾಜೊ ಬಂದರಿಗೆ ಬಂದು ದೋಣಿ ಹತ್ತುವ ಡೈವರ್‌ಗಳೂ ಬಹಳ ಮಂದಿ. ಇಲ್ಲಿ ಸೆಳವು ಜೋರು ಎಂಬ ಎಚ್ಚರಿಕೆಯ ಮಾತನ್ನು ಅವರೆಲ್ಲರೂ ಕೇಳಿಯೇ ಬಂದಿರುತ್ತಾರೆ. ಆದರೆ ಸೆಳವು ಎಂದರೆ ಅಪಾಯ ಎಂದಷ್ಟೇ ತಿಳಿದುಕೊಂಡರೆ ಸಾಲದು. ಅದು ಯಾವಾಗ, ಯಾವ ದಿಕ್ಕಿನಲ್ಲಿ, ಯಾವ ಬಂಡೆಯ ಯಾವ ಮಗ್ಗುಲಲ್ಲಿ ಹರಿಯುತ್ತದೆ ಎಂಬುದನ್ನು ಓದಲು ಕಲಿಯಬೇಕು. ಇಂಥ ಕಡಲಿನಲ್ಲಿ ಮುಳುಗುವವರಿಗೆ ತೋಳಿನ ಬಲಕ್ಕಿಂತ ಈ ಓದು ಮುಖ್ಯ ಎಂಬುದು ನನ್ನ ದೃಢವಾದ ನಂಬಿಕೆ.

ಈ ಸೆಳವಿನ ಮೂಲ ಬಹಳ ದೂರದಲ್ಲಿದೆ. ಪೆಸಿಫಿಕ್ ಸಾಗರದ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಸದಾ ಬೀಸುವ ವಾಣಿಜ್ಯ ಮಾರುತಗಳು ನೀರನ್ನು ಅದರ ಪಶ್ಚಿಮ ಅಂಚಿಗೆ ತಳ್ಳಿ ಒಟ್ಟುಗೂಡಿಸುತ್ತವೆ. ಇದರಿಂದ ಅಲ್ಲಿನ ಸಮುದ್ರಮಟ್ಟ ಹಿಂದೂ ಮಹಾಸಾಗರದ ಮಟ್ಟಕ್ಕಿಂತ ಸ್ವಲ್ಪ ಎತ್ತರದಲ್ಲಿ ಉಳಿಯುತ್ತದೆ. ಎತ್ತರದ ನೀರು ತಗ್ಗಿಗೆ ಹರಿಯಲೇಬೇಕಾದ್ದರಿಂದ ಇಂಡೋನೇಷ್ಯಾದ ದ್ವೀಪಗಳ ಸಂದುಗಳಲ್ಲಿ ನುಸುಳಿಕೊಂಡು ಸೆಕೆಂಡಿಗೆ ಸರಾಸರಿ 1.5 ಕೋಟಿ ಘನಮೀಟರ್‌ನಷ್ಟು ನೀರು ಸಾಗುತ್ತದೆ. ಅಮೆಜಾನ್ ನದಿ ಸಮುದ್ರಕ್ಕೆ ಸುರಿಯುವ ನೀರು ಸೆಕೆಂಡಿಗೆ ಸುಮಾರು 2 ಲಕ್ಷ ಘನಮೀಟರ್ ಎಂಬುದನ್ನು ನೆನೆದರೆ ಈ ಹರಿವಿನ ಗಾತ್ರ ಅರಿವಿಗೆ ಬರುತ್ತದೆ. ಇದರ ಬಹುಪಾಲು ಲೊಂಬೊಕ್, ಒಂಬೈ, ತಿಮೋರ್‌ಗಳ ಆಳವಾದ ಹಾದಿಗಳಲ್ಲಿ ಹೋಗುತ್ತದೆ. ಕೊಮೊಡೊದ ಸುತ್ತಲಿನ ಜಲಸಂಧಿಗಳಾದರೋ ಇಕ್ಕಟ್ಟಾದವು. ಉತ್ತರದ ಫ್ಲೋರೆಸ್ ಸಮುದ್ರಕ್ಕೂ ದಕ್ಷಿಣದ ಕಡಲಿಗೂ ನಡುವೆ ದಿನಕ್ಕೆ ಹಲವು ಬಾರಿ ದಿಕ್ಕು ಬದಲಿಸುವ ಉಬ್ಬರವಿಳಿತದ ನೀರು ಈ ಸಂದುಗಳ ಮೂಲಕವೇ ನುಗ್ಗಿ ಬರಬೇಕು. ಕಿರಿದಾದ ದಾರಿಯಲ್ಲಿ ಹೆಚ್ಚು ನೀರು ಹಾಯಬೇಕಾದಾಗ ವೇಗ ಏರುವುದು ಸಹಜ.

ಅದೇ ನೀರು ಆ ಕಡಲನ್ನು ಸಾಕುತ್ತದೆ. ದಕ್ಷಿಣ ಭಾಗದಲ್ಲಿ ಆಳದಿಂದ ಮೇಲೇರುವ ತಣ್ಣನೆಯ ನೀರು ಪೋಷಕಾಂಶಗಳನ್ನು ಹೊತ್ತು ತರುತ್ತದೆ, ಅದರಿಂದ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕಗಳು ಹೆಚ್ಚುತ್ತವೆ, ಅವುಗಳನ್ನು ತಿನ್ನುವ ಸಣ್ಣ ಮೀನುಗಳು ಮುತ್ತುತ್ತವೆ, ಆ ಮೀನುಗಳನ್ನು ಅರಸಿ ಟ್ರೆವಲಿಗಳೂ ಟ್ಯೂನಾಗಳೂ ರೀಫ್ ಶಾರ್ಕ್‌ಗಳೂ ಬರುತ್ತವೆ. ಕರಂಗ್ ಮಕಾಸ್ಸರ್ ಎಂಬಲ್ಲಿ ಮಾಂಟಾ ರೇ ಎಂಬ ದೊಡ್ಡ ಚಪ್ಪಟೆ ಮೀನುಗಳು ಹರಿವಿಗೆ ಎದುರಾಗಿ ಬಾಯಿ ತೆರೆದು, ರೆಕ್ಕೆಗಳನ್ನು ನಿಧಾನವಾಗಿ ಆಡಿಸುತ್ತ ಒಂದೆಡೆ ನಿಂತಂತೆಯೇ ಕಾಣುತ್ತವೆ. ಆಹಾರವನ್ನು ಹುಡುಕಿ ಅಲೆಯುವ ಅಗತ್ಯ ಅವಕ್ಕಿಲ್ಲ, ಹರಿವೇ ಅದನ್ನು ಬಾಯಿಗೆ ತಂದು ಹಾಕುತ್ತದೆ. ಆದ್ದರಿಂದ ಸೆಳವೇ ಇಲ್ಲದ ಕೊಮೊಡೊವನ್ನು ಬಯಸುವುದರಲ್ಲಿ ಅರ್ಥವಿಲ್ಲ.

ನೀರಿನ ಈ ಓದು ದೋಣಿಯಲ್ಲಿಯೇ ಆರಂಭವಾಗುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಗಳ ಆಸುಪಾಸಿನ ದಿನಗಳಲ್ಲಿ ಉಬ್ಬರ ಇಳಿತಗಳ ನಡುವಿನ ಅಂತರ ಹೆಚ್ಚಾಗುವುದರಿಂದ ಸೆಳವೂ ಅತ್ಯಂತ ಬಲವಾಗಿರುತ್ತದೆ. ಹರಿವು ಒಂದು ದಿಕ್ಕಿನಿಂದ ಇನ್ನೊಂದಕ್ಕೆ ತಿರುಗುವ ಮುನ್ನ ನೀರು ಸ್ವಲ್ಪ ಹೊತ್ತು ತಟಸ್ಥವಾಗುತ್ತದೆ. ಕಠಿಣ ಸ್ಥಳಗಳಿಗೆ ಇಳಿಯಲು ಆ ಹೊತ್ತನ್ನೇ ಆರಿಸಿಕೊಳ್ಳುತ್ತಾರೆ. ಆದರೆ ಉಬ್ಬರವಿಳಿತದ ಪಟ್ಟಿಯಲ್ಲಿರುವ ಸಮಯಕ್ಕೂ ಒಂದು ನಿರ್ದಿಷ್ಟ ಬಂಡೆಯ ಬಳಿ ನೀರು ನಿಜವಾಗಿ ನಿಲ್ಲುವ ಸಮಯಕ್ಕೂ ವ್ಯತ್ಯಾಸವಿರುತ್ತದೆ, ಮತ್ತು ಆ ವ್ಯತ್ಯಾಸ ಒಂದೊಂದು ಬಂಡೆಗೆ ಒಂದೊಂದು ಬಗೆ. ಅದನ್ನು ಬಲ್ಲವರು ಅದೇ ನೀರಿನಲ್ಲಿ ವರ್ಷಗಟ್ಟಲೆ ಇಳಿದ ಸ್ಥಳೀಯ ಮಾರ್ಗದರ್ಶಕರು. ಅವರು ದೋಣಿಯನ್ನು ಬಂಡೆಯ ಸುತ್ತ ಒಂದು ಬಾರಿ ತಿರುಗಿಸಿ, ಮೇಲ್ಮೈಯಲ್ಲಿ ಸುಳಿಗಳು ಎಲ್ಲಿ ಏಳುತ್ತಿವೆ, ನೀರು ಎಲ್ಲಿ ಎಣ್ಣೆ ಹಚ್ಚಿದಂತೆ ನುಣ್ಣಗೆ ಉಬ್ಬುತ್ತಿದೆ ಎಂಬುದನ್ನು ನೋಡುತ್ತಾರೆ. ಅನುಮಾನವಿದ್ದರೆ ತಾವೊಬ್ಬರೇ ಮೊದಲು ನೀರಿಗಿಳಿದು ಪರೀಕ್ಷಿಸುತ್ತಾರೆ. ಆ ಹೊತ್ತಿನಲ್ಲಿ ಉಳಿದವರು ಅವಸರಪಡಿಸಬಾರದು.

ಕೊಮೊಡೊ ಮತ್ತು ತಾತಾವಾ ದ್ವೀಪಗಳ ನಡುವಿನ ಬಾಟು ಬೊಲೊಂಗ್ ಎಂಬ ಬಂಡೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನೀರಿನ ಮೇಲೆ ಕಾಣುವುದು ಒಂದು ಸಣ್ಣ ಬೋಳು ಕಲ್ಲು. ನೀರಿನೊಳಗೆ ಅದು ಕಡಿದಾದ ಗೋಡೆಯಾಗಿ ಆಳಕ್ಕೆ ಇಳಿಯುತ್ತದೆ. ಜಲಸಂಧಿಯ ಹರಿವು ಈ ಕಲ್ಲಿಗೆ ಅಪ್ಪಳಿಸಿ ಎರಡಾಗಿ ಸೀಳಿ ಹೋಗುತ್ತದೆ. ಹೊಳೆಯ ನಡುವಿನ ಬಂಡೆಯ ಹಿಂದೆ ಎಲೆಯೊಂದು ತೇಲಿಹೋಗದೆ ನಿಲ್ಲುವ ಹಾಗೆ ಇಲ್ಲಿಯೂ ಬಂಡೆಯ ಮರೆಯಲ್ಲಿ ಒಂದು ಪ್ರಶಾಂತ ತಾಣ ಉಂಟಾಗುತ್ತದೆ, ಮತ್ತು ಇಡೀ ಡೈವ್ ನಡೆಯುವುದು ಅಷ್ಟರೊಳಗೆ. ಆಳದಿಂದ ಆರಂಭಿಸಿ, ಎಡಕ್ಕೂ ಬಲಕ್ಕೂ ಹಾವಿನ ನಡೆಯಲ್ಲಿ ಸಾಗುತ್ತ, ನಿಧಾನವಾಗಿ ಮೇಲೇರಬೇಕು. ಎರಡೂ ಕೊನೆಗಳಲ್ಲಿ ಕಾಣದ ಗಡಿಯೊಂದಿದೆ; ಅದನ್ನು ದಾಟಿದರೆ ಹರಿವು ಸೆಳೆದೊಯ್ಯುತ್ತದೆ.

ಆ ಗಡಿಯನ್ನು ತೋರಿಸಿಕೊಡುವುದು ಮೀನುಗಳು. ಆಂಥಿಯಸ್ ಎಂಬ ಕಿತ್ತಳೆ ಬಣ್ಣದ ಪುಟ್ಟ ಮೀನುಗಳು ಹವಳದ ಮೇಲೆ ಸಾವಿರಗಟ್ಟಲೆ ಇರುತ್ತವೆ. ಹರಿವು ಮಂದವಾಗಿರುವಾಗ ಅವು ಬಂಡೆಯಿಂದ ದೂರ ಬಂದು, ಎತ್ತೆತ್ತಲೋ ಮುಖ ಮಾಡಿ ಚೆದುರಿಕೊಂಡಿರುತ್ತವೆ. ಹರಿವು ಏರಿದಂತೆ ಎಲ್ಲವೂ ಒಂದೇ ದಿಕ್ಕಿಗೆ ಮುಖ ತಿರುಗಿಸುತ್ತವೆ. ಇನ್ನೂ ಏರಿದರೆ ಹವಳಕ್ಕೆ ಅಂಟಿಕೊಂಡಂತೆ ಗುಂಪಾಗಿ, ಬಾಲವನ್ನು ಬಿರುಸಾಗಿ ಬಡಿಯತೊಡಗುತ್ತವೆ. ನಾಲ್ಕು ಮಾರು ಮುಂದಿನ ಮೀನುಗಳು ಹಾಗೆ ಮಾಡುತ್ತಿರುವುದು ಕಂಡಿತೆಂದರೆ, ನಮ್ಮ ಮೈಗೆ ಇನ್ನೂ ಏನೂ ತಾಗದಿದ್ದರೂ, ಅಲ್ಲಿಂದಲೇ ಹಿಂದಿರುಗಬೇಕು. ಈ ಪುಟ್ಟ ಮೀನುಗಳನ್ನು ಗಮನಿಸಲು ಕಲಿತವರಿಗೆ ಅರ್ಧ ವಿದ್ಯೆ ಬಂದಂತೆ.

ಹಿಂದಿರುಗದೆ ಈಜಿ ಗೆಲ್ಲಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಒಂದು ನಾಟ್ ವೇಗದ ಹರಿವು ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಚಲಿಸುತ್ತದೆ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಸಾಮಾನ್ಯ ಡೈವರ್‌ಗೆ ಅಷ್ಟನ್ನು ಬಹಳ ಹೊತ್ತು ಎದುರಿಸುವುದೇ ಕಷ್ಟ. ವೇಗ ಎರಡು ಪಟ್ಟಾದರೆ ನೀರಿನ ತಡೆ ನಾಲ್ಕು ಪಟ್ಟಾಗುತ್ತದೆ. ಇನ್ನು ಗಾಳಿಯ ಲೆಕ್ಕ. 12 ಲೀಟರ್‌ನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿ ಎಂದರೆ ಮೇಲ್ಮೈಯ ಲೆಕ್ಕದಲ್ಲಿ 2,400 ಲೀಟರ್. 20 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಮೂರು ಪಟ್ಟು ಇರುವುದರಿಂದ, ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ಅಲ್ಲಿ 60 ಲೀಟರ್ ಬೇಕಾಗುತ್ತದೆ. 50 ಬಾರ್ ಮೀಸಲಿಟ್ಟರೆ ಉಳಿಯುವ 1,800 ಲೀಟರ್ ಅರ್ಧ ಗಂಟೆಗೆ ಸಾಕು. ಸೆಳವಿನ ಎದುರು ಈಜಿ ಉಸಿರಾಟ ಇಮ್ಮಡಿಯಾದರೆ ಅದೇ ಗಾಳಿ 15 ನಿಮಿಷಕ್ಕೆ ಮುಗಿಯುತ್ತದೆ. ಇದರ ಜೊತೆಗೆ, ಆಳದಲ್ಲಿ ಗಾಳಿ ದಟ್ಟವಾಗಿರುವುದರಿಂದ ಏದುಸಿರು ಬಿಡುವವರ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಉಳಿದುಕೊಂಡು, ಗಾಳಿ ಸಾಲದೆಂಬ ಭೀತಿ ಹುಟ್ಟುತ್ತದೆ. ತೋಳ್ಬಲವನ್ನು ನಂಬಿ ಬಂದವರನ್ನು ನೋಡಿದರೆ ನನಗೆ ಆತಂಕವಾಗುವುದು ಇದೇ ಕಾರಣಕ್ಕೆ.

ಹೆಚ್ಚು ಭಯ ಹುಟ್ಟಿಸುವುದು ಕೆಳಮುಖದ ಸೆಳವು. ಬಂಡೆಗೆ ಬಡಿದ ಹರಿವಿನ ಒಂದು ಭಾಗ ಗೋಡೆಯನ್ನು ಅನುಸರಿಸಿ ಕೆಳಗೆ ಧುಮುಕುತ್ತದೆ, ಅದರೊಳಗೆ ಸಿಕ್ಕಿದವರನ್ನೂ ಎಳೆದೊಯ್ಯುತ್ತದೆ. ಅದರ ಸ್ಪಷ್ಟ ಗುರುತು ನಮ್ಮದೇ ಉಸಿರಿನ ಗುಳ್ಳೆಗಳು: ಮೇಲಕ್ಕೆ ಹೋಗಬೇಕಾದವು ಮುಖದ ಮುಂದೆಯೇ ಸುತ್ತಿ ಕೆಳಕ್ಕೆ ಇಳಿಯತೊಡಗಿದರೆ, ಕಿವಿಯಲ್ಲಿ ಒತ್ತಡ ಹೆಚ್ಚಿದರೆ, ಡೈವ್ ಕಂಪ್ಯೂಟರಿನಲ್ಲಿ ಆಳದ ಅಂಕಿ ಏರುತ್ತಿದ್ದರೆ, ಅನುಮಾನಕ್ಕೆ ಎಡೆಯಿಲ್ಲ. ನೇರ ಮೇಲಕ್ಕೆ ಈಜಲು ಮನಸ್ಸು ಹಾತೊರೆಯುತ್ತದೆ, ಆದರೆ ಅದರಿಂದ ದಣಿವೇ ಹೆಚ್ಚು. ಕೈಗೆ ಸಿಗುವಂತೆ ಬಂಡೆಯಿದ್ದರೆ ಹಿಡಿದು, ಅದರ ಆಸರೆಯಲ್ಲಿ ಹರಿವಿನಿಂದ ಪಕ್ಕಕ್ಕೆ ಸರಿಯಬೇಕು. ಇಲ್ಲದಿದ್ದರೆ ಗೋಡೆಯಿಂದ ದೂರಕ್ಕೆ, ತೆರೆದ ನೀರಿನತ್ತ ಓರೆಯಾಗಿ ಈಜಬೇಕು, ಏಕೆಂದರೆ ಈ ಸೆಳವಿನ ಬಲ ಗೋಡೆಯ ಹತ್ತಿರವೇ ಹೆಚ್ಚು. ತೇಲಲು ನೆರವಾಗುವ ಜಾಕೆಟ್ಟಿಗೆ ಗಾಳಿ ತುಂಬಬೇಕಾಗಿ ಬಂದರೆ, ಸೆಳವು ಬಿಟ್ಟ ಕ್ಷಣವೇ ಅದನ್ನು ಹೊರಬಿಡಲು ಕೈ ಸಿದ್ಧವಾಗಿರಲಿ. ಹಿಗ್ಗಿದ ಗಾಳಿ ಮೇಲಕ್ಕೆ ಚಿಮ್ಮಿಸಿದರೆ ಶ್ವಾಸಕೋಶಕ್ಕೂ ರಕ್ತಕ್ಕೂ ಆಗುವ ಹಾನಿ ಸೆಳವಿಗಿಂತ ಘೋರ. ಉಸಿರನ್ನು ಮಾತ್ರ ಎಂದಿಗೂ ಹಿಡಿದಿಡಬಾರದು.

ಬಂಡೆಯ ಸಂದಿಗೆ ಸಿಕ್ಕಿಸಿ, ಹಗ್ಗದ ತುದಿಯಲ್ಲಿ ತೇಲುತ್ತ ನಿಲ್ಲಲು ನೆರವಾಗುವ ರೀಫ್ ಹುಕ್ ಎಂಬ ಕೊಕ್ಕೆಯನ್ನು ಕ್ಯಾಸಲ್ ರಾಕ್ ಎಂಬ ನೀರೊಳಗಿನ ಬಂಡೆಯಂಥ ಕಡೆ ಬಳಸುತ್ತಾರೆ. ಅದನ್ನು ಜೀವಂತ ಹವಳವಿಲ್ಲದ ಬರಿ ಕಲ್ಲಿಗೆ ಮಾತ್ರ ಹಾಕಬೇಕು. ಸಿಡಿಮದ್ದು ಹಾಕಿ ಮೀನು ಹಿಡಿಯುತ್ತಿದ್ದ ಕಾಲದಲ್ಲಿ ಈ ಕಡಲಿನ ಎಷ್ಟೋ ಹವಳ ದಿಬ್ಬಗಳು ಪುಡಿಯಾಗಿವೆ. ಉಳಿದಿರುವುದನ್ನು ನೋಡಲು ಬಂದವರೇ ಅದನ್ನು ಮುರಿಯುವುದು ನನಗೆ ಸಹಿಸಲಾಗದ ಸಂಗತಿ.

ನೀರಿನ ಮೇಲೆ ಬಂದ ಮೇಲೂ ಡೈವ್ ಮುಗಿದಿರುವುದಿಲ್ಲ. 2008ರ ಜೂನ್ ತಿಂಗಳಲ್ಲಿ ತಾತಾವಾ ದ್ವೀಪದ ಬಳಿ ಇಳಿದಿದ್ದ ಐವರು ಯುರೋಪಿಯನ್ ಡೈವರ್‌ಗಳು ಮೇಲೆ ಬಂದಾಗ ದೋಣಿಯಿಂದ ದೂರವಾಗಿದ್ದರು. ಸೆಳವು ಅವರನ್ನು ಗಂಟೆಗಟ್ಟಲೆ ಹೊತ್ತೊಯ್ದು ರಾತ್ರಿ ರಿಂಚಾ ದ್ವೀಪದ ದಡಕ್ಕೆ ತಲುಪಿಸಿತು. ಅಲ್ಲಿ ಚಿಪ್ಪುಮೀನು ತಿಂದು, ಹತ್ತಿರ ಬಂದ ಉಡಕ್ಕೆ ಕಲ್ಲೆಸೆದು ದೂರವಿಟ್ಟು, ಎರಡು ದಿನಗಳ ಬಳಿಕ ಅವರು ಹುಡುಕಾಟದ ದೋಣಿಯವರ ಕಣ್ಣಿಗೆ ಬಿದ್ದರು. ಅಲೆಗಳ ನಡುವೆ ಮನುಷ್ಯನ ತಲೆ ಕೆಲವೇ ನೂರು ಮೀಟರ್ ದೂರದಿಂದಲೂ ಕಾಣದು. ಆದುದರಿಂದ ಪ್ರತಿಯೊಬ್ಬರ ಬಳಿಯೂ, ಗುಂಪಿನ ಮುಂದಾಳಿನ ಬಳಿ ಮಾತ್ರವಲ್ಲ, ಗಾಳಿ ತುಂಬಿದರೆ ಉದ್ದಕ್ಕೆ ನಿಲ್ಲುವ ಕಿತ್ತಳೆ ಬಣ್ಣದ ಗುರುತಿನ ಬೋಯ್ ಮತ್ತು ಸೀಟಿ ಇರಬೇಕು; ಮೇಲೆ ಬರುವ ಮುನ್ನ ಸುರಕ್ಷತೆಗಾಗಿ 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವಾಗಲೇ ಆ ಬೋಯ್ ಅನ್ನು ದಾರದ ತುದಿಯಲ್ಲಿ ಮೇಲಕ್ಕೆ ಬಿಡುವ ಅಭ್ಯಾಸವೂ ಇರಬೇಕು. ಅದನ್ನು ಮೊದಲ ಬಾರಿಗೆ ಸೆಳವಿನಲ್ಲಿ ಕಲಿಯಲಾಗದು. ದೋಣಿ ಲಂಗರು ಹಾಕಿ ಕಾಯದೆ ಗುಳ್ಳೆಗಳನ್ನು ಹಿಂಬಾಲಿಸುತ್ತಿರುತ್ತದೆಯೇ ಎಂಬುದನ್ನು ಹಣ ಕೊಡುವ ಮುನ್ನವೇ ವಿಚಾರಿಸಬೇಕು.

ಕೊಮೊಡೊಗೆ ಹೋಗಬೇಕೆಂದಿರುವವರು ಮೊದಲ ದಿನವನ್ನು ಸೌಮ್ಯವಾದ ಕೊಲ್ಲಿಯೊಂದಕ್ಕೆ ಮೀಸಲಿಡಿ. ಮುಳುಗಲೆಂದು ಸೊಂಟಕ್ಕೆ ಕಟ್ಟಿಕೊಳ್ಳುವ ತೂಕ ಸರಿಯಾಗಿದೆಯೇ, ತೇಲಾಟ ಹಿಡಿತದಲ್ಲಿದೆಯೇ ಎಂಬುದನ್ನು ಅಲ್ಲಿ ನೋಡಿಕೊಂಡು, ಎರಡನೆಯ ಅಥವಾ ಮೂರನೆಯ ದಿನ ಬಾಟು ಬೊಲೊಂಗ್ ಕಡೆಗೆ ಹೊರಡಿ. ಅಲ್ಲಿ ತಲುಪಿದ ಮೇಲೆ ಮಾರ್ಗದರ್ಶಕರು ನೀರನ್ನು ನೋಡಿ ಇವತ್ತು ಬೇಡ ಎಂದರೆ, ಕಾರಣ ಕೇಳಿ ತಿಳಿದುಕೊಳ್ಳಿ, ಆದರೆ ಒತ್ತಾಯ ಮಾಡಬೇಡಿ. ಉಬ್ಬರ ತಿರುಗಿದ ಮೇಲೆ ಅದೇ ದಿನ ಮಧ್ಯಾಹ್ನವೇ ಇಳಿಯಲು ಸಾಧ್ಯವಾದೀತು.

ನಮಸ್ಕಾರ.