ಎಳೆಯ ದಪ್ಪಕ್ಕೊಂದು ಮಿತಿ

ಕೇಳುಗರಿಗೆ ನಮಸ್ಕಾರ. ಹುಬ್ಬಳ್ಳಿಯ ಮಟನ್ ಅಂಗಡಿಯಿಂದ ಮಾತು ಶುರು ಮಾಡುತ್ತೇನೆ. ಸಸ್ಯಾಹಾರಿಗಳು ಒಂದು ನಿಮಿಷ ಸಹಿಸಿಕೊಳ್ಳಬೇಕು.

ಕುರಿಯ ಹಿಂಗಾಲಿನಲ್ಲಿ ಮಾಂಸಖಂಡವನ್ನು ಎಲುಬಿಗೆ ಬಿಗಿದ ಬಿಳಿ ಹುರಿಯೊಂದು ಇರುತ್ತದೆ. ಕತ್ತಿ ಅದರ ಮೇಲೆ ಜಾರುತ್ತದೆ, ಒಂದೇ ಏಟಿಗೆ ತುಂಡಾಗುವುದಿಲ್ಲ. ಪಕ್ಕದಲ್ಲೇ ಆಗಷ್ಟೇ ಕಡಿದ ತಲೆ. ಅದರ ಕಣ್ಣಿನ ಮುಂಭಾಗದ ಪೊರೆ, ಅಂದರೆ ಕಾರ್ನಿಯಾ, ಒಳಗಿನದೆಲ್ಲ ಕಾಣುವಷ್ಟು ತಿಳಿ. ಎರಡರಲ್ಲೂ ಮುಖ್ಯ ಸರಕು ಒಂದೇ: ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು.

ಗುಟ್ಟಿರುವುದು ಎಳೆಯ ದಪ್ಪದಲ್ಲಿ. ಹುರಿಯಲ್ಲಿ ಕೆಲವು ಎಳೆ 300 ನ್ಯಾನೋಮೀಟರ್ ತನಕ ದಪ್ಪವಾಗುತ್ತವೆ. ಕಾರ್ನಿಯಾದಲ್ಲಿ ಎಲ್ಲವೂ ಸುಮಾರು 30, ನಡುವಿನ ಅಂತರವೂ ಹೆಚ್ಚುಕಡಿಮೆ ಸಮ. ಹಾಗಿದ್ದರೇನೇ ಬೆಳಕು ಚದುರದೆ ಒಳಗೆ ಹೋಗುವುದು.

ಕೊಲಾಜನ್ ಅಣುಗಳಿಗೆ ಕೂಡಿಕೊಳ್ಳುವುದು ಗೊತ್ತು, ನಿಲ್ಲುವುದು ಗೊತ್ತಿಲ್ಲ. ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಪ್ರೋಟಿಯೋಗ್ಲೈಕಾನ್‌ಗಳದು. ಪ್ರೋಟೀನಿನ ಒಡಲು, ಅದಕ್ಕೆ ಜೋತುಬಿದ್ದ ಸಕ್ಕರೆಯ ಸರಪಳಿ, ಇಷ್ಟೇ ಅವುಗಳ ರೂಪ. ಡೆಕೋರಿನ್ ಎಂಬ ಸಣ್ಣದೊಂದು ಎಳೆಯ ಮೈಗೆ ಅಂಟಿಕೊಂಡು, ಪಕ್ಕದ ಎಳೆ ಬಂದು ಬೆಸೆಯದಂತೆ ತಡೆಯುತ್ತದೆ. ಸರಪಳಿಗಳು ನೀರು ಹಿಡಿದಿಟ್ಟು ನಡುವೆ ಜಾಗ ಉಳಿಸುತ್ತವೆ. 1997ರಲ್ಲಿ ಡೆಕೋರಿನ್ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರು. ಎಳೆಗಳು ಅಡ್ಡಾದಿಡ್ಡಿ ಬೆಸೆದಿದ್ದವು, ಚರ್ಮ ಸ್ವಲ್ಪ ಎಳೆದರೂ ಹರಿಯುತ್ತಿತ್ತು. ಮರುವರ್ಷ ಲುಮಿಕಾನ್ ಎಂಬ ಇನ್ನೊಂದು ಪ್ರೋಟಿಯೋಗ್ಲೈಕಾನ್ ಇಲ್ಲದ ಇಲಿಗಳ ಸರದಿ. ಅವುಗಳ ಕಾರ್ನಿಯಾ ಮಂಜಾಗಿತ್ತು.

ಮೆಡಿಕಲ್ ಶಾಪಿನಲ್ಲಿ ಕೊಲಾಜನ್ ಪುಡಿಯ ಡಬ್ಬಿ ಸಾಲಾಗಿ ಕೂತಿರುತ್ತವೆ. ಡೆಕೋರಿನ್ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ!

ಇದು ಇಲಿಗಳ ಕತೆಯಷ್ಟೇ ಅಲ್ಲ. ಮ್ಯಾಕ್ಯುಲರ್ ಕಾರ್ನಿಯಲ್ ಡಿಸ್ಟ್ರೋಫಿ ಎಂಬ ಕಾಯಿಲೆಯಲ್ಲಿ ಲುಮಿಕಾನ್‌ನಂಥವುಗಳ ಸಕ್ಕರೆ ಸರಪಳಿಗೆ ಗಂಧಕದ ಅಂಶ ಸರಿಯಾಗಿ ಸೇರುವುದಿಲ್ಲ. ಹೆಚ್ಚಾಗಿ ಹರೆಯದ ಹೊತ್ತಿಗೆ ಕಣ್ಣು ಮಂಜಾಗತೊಡಗುತ್ತದೆ. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರೆ ಮಾತ್ರ ಈ ಕಾಯಿಲೆ; ರಕ್ತಸಂಬಂಧಿಗಳಾದರೆ ಇಬ್ಬರಲ್ಲೂ ಅದೇ ಜೀನ್ ಇರುವ ಸಾಧ್ಯತೆ ಹೆಚ್ಚು. ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವ ನಮ್ಮ ಧಾರವಾಡ, ಗದಗ, ಹಾವೇರಿ ಕಡೆಯ ಮನೆಗಳಲ್ಲಿ ಈ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕು. ದೃಷ್ಟಿ ತೀರಾ ಕುಂದಿದರೆ ನೇತ್ರದಾನದಿಂದ ಬಂದ ಕಾರ್ನಿಯಾ ಕಸಿ ಮಾಡುತ್ತಾರೆ. ಕಣ್ಣು ತಿಳಿಯಾಗುತ್ತದೆ. ಕೆಲವರಿಗೆ ವರ್ಷಗಳ ಮೇಲೆ ಮತ್ತೆ ಮಸುಕು ಬರುವುದುಂಟು, ಯಾಕೆಂದರೆ ಅಂಚಿನಲ್ಲಿ ಉಳಿದ ಅವರದೇ ಜೀವಕೋಶಗಳು ಕಸಿಯೊಳಗೆ ನುಗ್ಗಿ, ಹಳೇ ಸರಪಳಿಯನ್ನೇ ಕಟ್ಟುತ್ತವೆ.