ಸೈಕಲ್ಲಾದ ಅಂಚೆಯವ: ಫ್ಲಾನ್ ಓಬ್ರಿಯನ್ ಬರವಣಿಗೆಯ ಲೆಕ್ಕಾಚಾರ

ಸ್ನೇಹಿತರೇ,

ನಾವಿಂದು ನೋಡಲಿರುವ ಲೇಖಕನಿಗೆ ಮೂರು ಹೆಸರು. ಹುಟ್ಟಾ ಹೆಸರು ಬ್ರಯನ್ ಓನೋಲನ್. 1911ರಲ್ಲಿ ಐರ್ಲೆಂಡಿನ ಟಿರೋನ್ ಸೀಮೆಯ ಸ್ಟ್ರಬೇನ್‌ನಲ್ಲಿ ಜನನ, ಮನೆಮಾತು ಐರಿಷ್. ಇಂಗ್ಲಿಷ್ ಕಾದಂಬರಿಗಳ ಮೇಲಿರುವುದು ಫ್ಲಾನ್ ಓಬ್ರಿಯನ್. ಪತ್ರಿಕೆಯ ಅಂಕಣಕ್ಕೆ, 1941ರ ಐರಿಷ್ ಕಾದಂಬರಿಗೆ ಮೈಲ್ಸ್ ನ ಗೋಪಲೀನ್. ಇದು ಶೋಕಿಯ ಮಾತಲ್ಲ. 1935ರಲ್ಲಿ ಆತ ಡಬ್ಲಿನ್ನಿನಲ್ಲಿ ಸರ್ಕಾರಿ ನೌಕರಿಗೆ ಸೇರಿದ. ಎರಡು ವರ್ಷದಲ್ಲಿ ತಂದೆ ತೀರಿಕೊಂಡರು, ಹನ್ನೆರಡು ಮಕ್ಕಳ ಸಂಸಾರದ ಭಾರ ಆ ಸಂಬಳದ ಮೇಲೆ ಬಿತ್ತು. ನೌಕರನಾದವನು ರಾಜಕೀಯದ ಬಗ್ಗೆ ಬಹಿರಂಗವಾಗಿ ಬರೆಯುವಂತಿರಲಿಲ್ಲ.

ಅಂಕಣ ಹುಟ್ಟಿದ್ದು ವಾಚಕರ ಪತ್ರಗಳಿಂದ. ಕಳ್ಳ ಹೆಸರುಗಳಲ್ಲಿ 'ಐರಿಷ್ ಟೈಮ್ಸ್'ಗೆ ಪತ್ರ ಬರೆದು ಜಗಳ ಹಚ್ಚುತ್ತಿದ್ದವನನ್ನು ಸಂಪಾದಕ ಸ್ಮೈಲಿ ಗುರುತಿಸಿ ಜಾಗ ಕೊಟ್ಟರು. 1940ರ ಅಕ್ಟೋಬರ್ 4ರಂದು 'ಕ್ರುಶ್ಕೀನ್ ಲಾನ್' ಶುರುವಾಯಿತು. 'ತುಂಬಿದ ಪುಟ್ಟ ಹೂಜಿ' ಎಂದರ್ಥ. ಮೊದಲು ಐರಿಷ್, ಆಮೇಲೆ ಎರಡೂ ಭಾಷೆ, ಕೊನೆಗೆ ಬಹುತೇಕ ಇಂಗ್ಲಿಷ್.

ಅಲ್ಲಿನ ಒಂದು ಕಲ್ಪನೆ ನೋಡಿ. ಶ್ರೀಮಂತರು ಪುಸ್ತಕ ಕೊಳ್ಳುತ್ತಾರೆ, ಓದುವುದಿಲ್ಲ. ಓದಿದಂತೆ ಕಾಣಿಸಲು ಬಾಡಿಗೆ ಸೇವೆ ಬೇಕು. ಅಗ್ಗದ ದರ್ಜೆಯಲ್ಲಿ ಪ್ರತಿ ಪುಸ್ತಕದ ನಾಲ್ಕು ಹಾಳೆಗಳ ಕಿವಿ ಮಡಿಸಿ, ಮರೆತು ಬಿಟ್ಟಂತೆ ಒಂದು ಟ್ರಾಮ್ ಟಿಕೆಟ್ ಇಡಬೇಕು. ಮೇಲಿನ ದರ್ಜೆಗೆ ಎಂಟು ಹಾಳೆ. ಜೊತೆಗೆ ಕನಿಷ್ಠ 25 ಪುಸ್ತಕಗಳಲ್ಲಿ ಕೆಂಪು ಪೆನ್ಸಿಲಿನ ಗೆರೆ. ಒಕ್ಕಣೆಯೆಲ್ಲ ಟೆಂಡರಿನದು. ಕಚೇರಿಯ ಕಡತ ಕಲಿಸಿದ ಈ ಕರಾರುವಾಕ್ಕುತನವೇ ಅವನ ಹಾಸ್ಯದ ಬೇರು ಎಂದು ನಾನು ನಂಬುತ್ತೇನೆ. ಸಂಖ್ಯೆಗಳನ್ನು ತೆಗೆದುಬಿಡಿ, ನಗು ಅಲ್ಲಿಗೇ ನಿಲ್ಲುತ್ತದೆ.

ಕಾದಂಬರಿಗಳಿಗೆ ಅದೃಷ್ಟ ಕೂಡಿಬರಲಿಲ್ಲ. 'ಅಟ್ ಸ್ವಿಮ್ ಟೂ ಬರ್ಡ್ಸ್' ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಶಿಫಾರಸಿನಿಂದ 1939ರಲ್ಲಿ ಲಾಂಗ್‌ಮನ್ಸ್ ಪ್ರಕಾಶನದಿಂದ ಬಂತು. 244 ಪ್ರತಿ ಮಾರಾಟವಾಗುವಷ್ಟರಲ್ಲಿ ಯುದ್ಧ. ಲಂಡನ್ನಿನ ಉಗ್ರಾಣ ಬಾಂಬಿಗೆ ಸುಟ್ಟುಹೋಯಿತು. ಮುಂದಿನ ಹಸ್ತಪ್ರತಿ 'ದಿ ಥರ್ಡ್ ಪೊಲೀಸ್‌ಮನ್' ಅನ್ನು ಅದೇ ಪ್ರಕಾಶಕರು ಅತಿ ವಿಲಕ್ಷಣವೆಂದು ತಿರಸ್ಕರಿಸಿದರು. ಅದು ಕಳೆದುಹೋಯಿತೆಂದು ಗೆಳೆಯರಿಗೆ ಹೇಳಿ ಆತ ಒಳಗಿಟ್ಟುಕೊಂಡ.

ಅದರಲ್ಲೊಬ್ಬ ಪೊಲೀಸ್ ಸಾರ್ಜೆಂಟನ ಸಿದ್ಧಾಂತ: ಹಳ್ಳಗುಂಡಿಯ ರಸ್ತೆಯಲ್ಲಿ ಕುಲುಕಾಡುತ್ತ ಸವಾರಿ ಮಾಡಿದರೆ ಮನುಷ್ಯನ ಅಣುಗಳೂ ಸೈಕಲ್ಲಿನ ಅಣುಗಳೂ ಅದಲುಬದಲಾಗುತ್ತವೆ. 40 ವರ್ಷ ದಿನಕ್ಕೆ 38 ಮೈಲಿ ತುಳಿದ ಅಂಚೆಯವ ಶೇ. 71 ಸೈಕಲ್ ಆಗಿದ್ದಾನೆ! ಇದನ್ನು ಕೇಳುತ್ತಿರುವ ಕಥಾನಾಯಕ ಸತ್ತಿದ್ದಾನೆ. ಅದು ಅವನಿಗೇ ತಿಳಿದಿಲ್ಲ. ಹಾಗಾಗಿ ಪ್ರತಿ ಲೆಕ್ಕದ ಅಡಿಯಲ್ಲೂ ನರಕದ ತಣ್ಣನೆ ಇದೆ.

ಎರಡು ದಶಕ ಕಳೆದ ಮೇಲೆ ಆತ ಈ ಹಸ್ತಪ್ರತಿಯಿಂದಲೇ ಬಿಡಿಭಾಗ ಕಿತ್ತು 1964ರ 'ದಿ ಡಾಲ್ಕಿ ಆರ್ಕೈವ್'ಗೆ ಜೋಡಿಸಿದ. ಸೈಕಲ್ ಸಿದ್ಧಾಂತವೂ ಬಂತು, ಮೂಲದಲ್ಲಿ ಅಡಿಟಿಪ್ಪಣಿಗಳಲ್ಲೇ ಬದುಕಿದ್ದ ಪಂಡಿತ ಡಿ ಸೆಲ್ಬಿಯೂ ಮೈತಳೆದು ಬಂದ. ಆದರೆ ಸುತ್ತಲಿನ ಸಾವು ಬರಲಿಲ್ಲ. ಅದೇ ಮಾತು ಇಲ್ಲಿ ಬರೀ ತಮಾಷೆಯ ಹರಟೆ. ಸ್ವಂತ ಪುಸ್ತಕವನ್ನೇ ಹೀಗೆ ಒಡೆದುಕೊಳ್ಳುವಂತೆ ಮಾಡಿದ್ದು ಒಂದು ತಿರಸ್ಕಾರ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ರಾಜಕಾರಣಿಗಳನ್ನು ಕೆಣಕಿದ ಅಂಕಣಗಳ ದೆಸೆಯಿಂದ 1953ರಲ್ಲೇ ನೌಕರಿ ಹೋಗಿತ್ತು. 1966ರ ಏಪ್ರಿಲ್ 1ರಂದು ಆತ ತೀರಿಕೊಂಡ. ಮೂಲ ಹಸ್ತಪ್ರತಿ ಮರುವರ್ಷ ಅಚ್ಚಾಯಿತು. ಓದುವವರು ಮೊದಲು ಅದನ್ನೇ ಹಿಡಿಯಿರಿ, 'ಡಾಲ್ಕಿ' ಆಮೇಲಿರಲಿ.